ಮುಸ್ಸಂಜೆಯಲ್ಲಿ ಅಳಬಾರದೆ?

ದೀಪ ಹಚ್ಚುವ ಹೊತ್ತಿನಲ್ಲಿ ಹೆಣ್ಣುಮಕ್ಕಳು ಅಳಬಾರದು ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಯಾರೂ ಇರಲಾರರು. ಮುಸ್ಸಂಜೆಯಲ್ಲಿ ಅತ್ತರೆ ಲಕ್ಷ್ಮಿ ಎದ್ದು ಹೋಗುತ್ತಾಳಂತೆ. ಶುಕ್ರವಾರ ಅಳಬಾರದು, ಹಬ್ಬದ ದಿನ ಅಳಬಾರದು. ತವರಿನಿಂದ ಹೊರಡುವಾಗ ತುಸು ಅಳಬಹುದು, ಆದರೆ ಗಂಡನ ಮನೆಯ ಹೊಸಿಲು ತುಳಿಯುವಾಗ ಕಣ್ಣು ಒಣಗಿರಬೇಕು. ಮಕ್ಕಳೆದುರಿಗೆ ಅತ್ತರೆ ಮಕ್ಕಳು ಹೆದರುತ್ತಾರೆ. ಗಂಡಸರು ದಣಿದು ಬಂದಿರುತ್ತಾರೆ, ಅವರೆದುರಿಗಂತೂ ಅಳುವಂತೆಯೇ ಇಲ್ಲ. ಲೆಕ್ಕ ಹಾಕಿ ನೋಡಿದರೆ ನಮಗೆ ಉಳಿಯುವುದು ಈರುಳ್ಳಿ ಹೆಚ್ಚುವ ಹೊತ್ತು ಮಾತ್ರ.

ಈ ಕಟ್ಟಳೆಗಳ ಪಟ್ಟಿಗೆ ಈಚೆಗೆ ಇನ್ನೊಂದು ಸೇರಿದೆ. ಅಳುವಂತೆ ಕೇಳಿಸುವ ಸಂಗೀತವನ್ನೂ ಮನೆಯೊಳಗೆ ತರಬಾರದಂತೆ. ನಮ್ಮ ಸೀಮೆಯ ಮಹಿಳಾ ಸಮಾಜವೊಂದರ ಸಭೆಯಲ್ಲಿ ಭಾಷಣಕ್ಕೆ ಬಂದ ಹಿರಿಯರೊಬ್ಬರು ಮೆಟಲ್ ಸಂಗೀತದ ಮೇಲೆ ಅರ್ಧ ಗಂಟೆ ಹರಿಹಾಯ್ದರು. ಅದರಲ್ಲೂ ಗಾಥಿಕ್ ಮೆಟಲ್ ಎಂಬುದು ಸ್ಮಶಾನದ ಸಂಗೀತ, ಅದು ನಮ್ಮದಲ್ಲ. ಅದನ್ನು ಕೇಳಿದವರ ಮನಸ್ಸು ಸಾವಿನ ಕಡೆ ವಾಲುತ್ತದೆ. ಹೆಣ್ಣುಮಕ್ಕಳು ಅದರ ಹತ್ತಿರ ಸುಳಿಯಬಾರದು. ಹೀಗೆ ಮೂರು ಆಪಾದನೆಗಳು. ಸಭೆ ಚಪ್ಪಾಳೆ ತಟ್ಟಿತು, ಆಮೇಲೆ ಉಪ್ಪಿಟ್ಟು, ಕೇಸರಿಭಾತು ಬಂತು. ಸ್ವಾಮಿ, ನೀವು ಅದನ್ನು ಒಂದು ಸಲವಾದರೂ ಕೇಳಿದ್ದೀರಾ ಎಂದು ಒಬ್ಬರೂ ಎದ್ದು ನಿಂತು ಕೇಳಲಿಲ್ಲ. ಕೇಳಿಲ್ಲವೆಂಬುದು ಅವರ ಮಾತಿನಲ್ಲೇ ಗೊತ್ತಾಗುತ್ತಿತ್ತು. ನಾನು ಕೇಳಿದ್ದೇನೆ. ಅದಕ್ಕೇ ಈ ಜಗಳ.

ಮೊದಲು ಪದಾರ್ಥ ಏನೆಂದು ಹೇಳಿಬಿಡುತ್ತೇನೆ, ಆಮೇಲೆ ರುಚಿಯ ಮಾತು. ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ ಹ್ಯಾಲಿಫ್ಯಾಕ್ಸ್ ಎಂಬ ಊರಿದೆ. ಅಲ್ಲಿನ ಐದು ಜನ ಹುಡುಗರು 1988ರಲ್ಲಿ ಒಂದು ತಂಡ ಕಟ್ಟಿ, ಅದಕ್ಕೆ ಮಿಲ್ಟನ್ ಕವಿಯ ಮಹಾಕಾವ್ಯದ ಹೆಸರನ್ನೇ, 'ಪ್ಯಾರಡೈಸ್ ಲಾಸ್ಟ್' ಎಂದೇ ಇಟ್ಟುಕೊಂಡರು. 1991ರಲ್ಲಿ ಅವರ ಎರಡನೆಯ ಆಲ್ಬಮ್ ಬಂತು. ಅದರ ಹೆಸರು 'ಗಾಥಿಕ್'. ಗಾಥಿಕ್ ಮೆಟಲ್ ಎಂಬ ಪ್ರಕಾರದ ಮೂಲ ಹುಡುಕುವವರು ಹೆಚ್ಚಿನಂಶ ಬಂದು ನಿಲ್ಲುವುದು ಇದರ ಹತ್ತಿರ.

ಮೆಟಲ್ ಎಂದರೆ ತಗಡಿನ ಮೇಲೆ ಕಲ್ಲು ಸುರಿದ ಗದ್ದಲ ಎಂದುಕೊಂಡವರು ಇದನ್ನು ಕೇಳಿದರೆ ಮೊದಲು ಬೆರಗಾಗುವುದು ಇದರ ನಿಧಾನಕ್ಕೆ. ಗಿಟಾರುಗಳ ಶ್ರುತಿಯನ್ನು ಬೇಕೆಂದೇ ಇಳಿಸಿದ್ದಾರೆ. ಕೆರೆಯ ಏರಿಯ ಮೇಲೆ ಭಾರದ ಗಾಡಿ ಬರುವಾಗ ಕಾಲ ಕೆಳಗಿನ ನೆಲ ಅದುರುತ್ತದಲ್ಲ, ಹಾಗೆ ಅದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಆ ಭಾರದ ಮೇಲೆ ಗ್ರೆಗರ್ ಮ್ಯಾಕಿಂಟಾಷ್ ಎಂಬಾತನ ಒಂಟಿ ಗಿಟಾರು ಬೇರೆಯೇ ಒಂದು ರಾಗ ಎಳೆಯುತ್ತ ಹೋಗುತ್ತದೆ. ಅದಕ್ಕೆ ಮಾತಿಲ್ಲ, ಆದರೆ ಮಾತು ಮುಗಿದ ಮೇಲೂ ಬಿಕ್ಕುತ್ತಲೇ ಇರುವವರ ದನಿಯ ಹಾಗಿರುತ್ತದೆ. ಹಾಡುವ ನಿಕ್ ಹೋಮ್ಸ್ ಹಾಡುವುದೇ ಇಲ್ಲ, ಹೊಟ್ಟೆಯ ತಳದಿಂದ ಗುಡುಗುತ್ತಾನೆ. ಸಾಹಿತ್ಯದ ಅರ್ಧ ಪದಗಳು ತಿಳಿಯುವುದಿಲ್ಲ. ಹಿಂದಿನಿಂದ ಪಿಟೀಲು ವಾದ್ಯವೃಂದದ ಅಲೆ ಎದ್ದು ಬೀಳುತ್ತದೆ. ಇದೆಲ್ಲದರ ನಡುವೆ, ಕೆಲವೇ ಕೆಲವು ಕಡೆ, ಸಾರಾ ಮ್ಯಾರಿಯನ್ ಎಂಬ ಹೆಂಗಸಿನ ತಿಳಿಯಾದ ಕಂಠ ಬಂದು ಹೋಗುತ್ತದೆ. ಕತ್ತಲೆ ಕೋಣೆಯ ಬಾಗಿಲನ್ನು ಯಾರೋ ಅರೆ ತೆಗೆದು ಮತ್ತೆ ಮುಚ್ಚಿದ ಹಾಗೆ. ಒಟ್ಟು ಹತ್ತು ತುಣುಕು, ನಲವತ್ತು ನಿಮಿಷದೊಳಗೆ ಎಲ್ಲ ಮುಗಿಯುತ್ತದೆ. ಕಡೆಯದರಲ್ಲಿ ಯಾರೂ ಹಾಡುವುದಿಲ್ಲ, ಗುಡುಗುವುದೂ ಇಲ್ಲ. ಬರೀ ವಾದ್ಯ. ಹೆಣ ಎತ್ತಿಕೊಂಡು ಹೋದ ಮೇಲೆ ಅಂಗಳದಲ್ಲಿ ಉಳಿಯುವ ಮೌನವನ್ನು ಬಲ್ಲವರಿಗೆ ಅದು ಅರ್ಥವಾಗುತ್ತದೆ.

ಈ ಹಾಡುಗಳು ಅರಳಗುಪ್ಪೆಯ ನಮ್ಮ ಮನೆಗೆ ಬಂದದ್ದು ನನ್ನ ಅಕ್ಕನ ಮಗಳ ಜೊತೆಯಲ್ಲಿ. ಅಕ್ಕ ಹೋದದ್ದು 2021ರ ಮೇ ತಿಂಗಳು, ಕೊರೋನಾದ ಎರಡನೆಯ ಅಲೆಯಲ್ಲಿ. ಆ ದಿನಗಳನ್ನು ನೀವೂ ಕಂಡಿದ್ದೀರಿ. ಮನೆಗೆ ದೇಹ ಬರಲಿಲ್ಲ. ತಲೆದೆಸೆಯಲ್ಲಿ ದೀಪವಿಲ್ಲ, ರಾತ್ರಿಯಿಡೀ ಭಜನೆಯಿಲ್ಲ, ಮುಖ ನೋಡಿದವರಿಲ್ಲ. ಫೋನಿನಲ್ಲೇ ಸತ್ತ ಸುದ್ದಿ, ಫೋನಿನಲ್ಲೇ ಸಮಾಧಾನ. ಆ ಹುಡುಗಿ ಅಳಲೇ ಇಲ್ಲ. ಧೈರ್ಯವಂತೆ ಎಂದು ಎಲ್ಲರೂ ಹೊಗಳಿದರು. ಆರು ತಿಂಗಳ ಮೇಲೆ ನಮ್ಮ ಮನೆಗೆ ಬಂದವಳು ಸಂಜೆಯಾದರೆ ಜಗಲಿಯಲ್ಲಿ ಕೂತು ಕಿವಿಗೆ ಏನೋ ಸಿಕ್ಕಿಸಿಕೊಳ್ಳುತ್ತಿದ್ದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ದೀಪ ಹಚ್ಚೋ ಹೊತ್ತಲ್ಲಿ ಏನಮ್ಮ ಇದು, ಸೂತಕದ ಹಾಡು" ಎಂದು ನಮ್ಮ ಅತ್ತೆ ಗದರಿಸಿದರು. ನಾನು ಒಂದು ಕಿವಿಯದನ್ನು ಇಸಿದುಕೊಂಡು ಕೇಳಿದೆ. ಇದರಲ್ಲಿ ಏನಿದೆಯೇ ಎಂದಾಗ ಅವಳು ಹೇಳಿದ್ದು ಇಷ್ಟು: "ಚಿಕ್ಕಮ್ಮ, ಇದನ್ನ ಕೇಳ್ವಾಗ ಅಮ್ಮನ ಪಕ್ಕ ಯಾರೋ ಕೂತು ಅಳ್ತಾ ಇದಾರೆ ಅನ್ಸುತ್ತೆ. ಅವತ್ತು ಯಾರೂ ಇರ್ಲಿಲ್ವಲ್ಲ."

ಈಗ ಆಪಾದನೆಗಳಿಗೆ ಬರೋಣ. ಇದು ನಮ್ಮದಲ್ಲ, ಯಾವುದೋ ರಾಕ್ಷಸರ ಸಂಗೀತ ಎಂಬುದು ಮೊದಲನೆಯದು. ಹ್ಯಾಲಿಫ್ಯಾಕ್ಸ್ ಉಣ್ಣೆಯ ಊರು, ಕಂಬಳಿ ಜಮಖಾನೆಗಳ ಊರು. ನಮಗೆ ತೆಂಗು ಹೇಗೋ ಅವರಿಗೆ ಮಗ್ಗ ಹಾಗೆ. ಅಲ್ಲಿನ ಡೀನ್ ಕ್ಲಫ್ ಎಂಬ ಭಾರಿ ಜಮಖಾನೆ ಗಿರಣಿ 1980ರ ದಶಕದ ಆರಂಭದಲ್ಲಿ ಬಾಗಿಲು ಹಾಕಿತು. ಈ ಹುಡುಗರು ಬೆಳೆದದ್ದು ಅಂಥ ಗಿರಣಿಗಳ ಗೋಡೆಯ ನೆರಳಲ್ಲಿ. ಅದಕ್ಕೂ ಹಿಂದೆ ಹೋದರೆ, ಇವರ ಸಂಗೀತಕ್ಕೆಲ್ಲ ತಾಯಿಬೇರಾದ ಬ್ಲ್ಯಾಕ್ ಸಬ್ಬತ್ ತಂಡ ಸಿಗುತ್ತದೆ, 1970ರಲ್ಲಿ ಮೊದಲ ಆಲ್ಬಮ್ ತಂದದ್ದು. ಅದರ ಗಿಟಾರು ವಾದಕ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡ. ಆಗ ಅವನಿಗೆ ಹದಿನೇಳು ವರ್ಷ. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ತುಂಡು ಬೆರಳುಗಳಿಗೆ ಟೋಪಿ ಮಾಡಿಕೊಂಡು ಮತ್ತೆ ನುಡಿಸಿದ. ಬೆರಳಿಗೆ ನೋವಾಗದಿರಲಿ ಎಂದು ತಂತಿಯ ಬಿಗಿ ಸಡಿಲಿಸಿದ, ದನಿ ಕೆಳಗಿಳಿಯಿತು, ಕತ್ತಲಾಯಿತು. ಭಾಷಣಕಾರರು ಹೆದರಿಸಿದ ಆ ಪೈಶಾಚಿಕ ಧ್ವನಿಯ ಹಿಂದೆ ಕೂಲಿಯವನೊಬ್ಬನ ಗಾಯಗೊಂಡ ಕೈ ಇದೆ. ತೆಂಗಿನಕಾಯಿ ಸುಲಿದು ಸುಲಿದು ಅಂಗೈ ಬಿರುಕು ಬಿಟ್ಟವರ ಸೀಮೆಯಲ್ಲಿ ಇದು ಪರಕೀಯ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನು ನಮ್ಮದಲ್ಲ ಎಂಬ ಮಾತು. ಅರಳಗುಪ್ಪೆಯ ಕಲ್ಲೇಶ್ವರ ದೇವಸ್ಥಾನಕ್ಕೆ ಬನ್ನಿ, ತಲೆ ಎತ್ತಿ ನೋಡಿ. 9ನೆಯ ಶತಮಾನದ ಗುಡಿ ಅದು. ಮಾಡಿನ ಕಲ್ಲಿನಲ್ಲಿ ಶಿವ ಕುಣಿಯುತ್ತಿದ್ದಾನೆ, ಜೊತೆಗೆ ವಾದ್ಯದವರಿದ್ದಾರೆ, ಸುತ್ತ ಎಂಟು ದಿಕ್ಕಿನ ಪಾಲಕರು ತಮ್ಮ ತಮ್ಮ ವಾಹನದೊಡನೆ ನೆರೆದಿದ್ದಾರೆ. ಆ ಕುಣಿತ ಮದುವೆಮನೆಯ ಕುಣಿತವೆ? ಸ್ಮಶಾನವಾಸಿಯೆಂದು ನಾವೇ ಹಾಡಿ ಹೊಗಳುವ ದೇವರು ಅವನು. ಅವನ ಕಥೆಯಲ್ಲೇ ಇರುವುದನ್ನು ನೋಡಿ. ದಾಕ್ಷಾಯಿಣಿ ತವರಿನ ಯಜ್ಞದಲ್ಲಿ ಅವಮಾನ ತಾಳದೆ ಬೆಂಕಿಗೆ ಬಿದ್ದಳು. ಆ ದುಃಖ ಸಿಟ್ಟಾಗಿ ವೀರಭದ್ರ ಹುಟ್ಟಿದ. ನಮ್ಮ ಜಾತ್ರೆಗಳಲ್ಲಿ ವೀರಗಾಸೆಯವರು ಕತ್ತಿ ಹಿಡಿದು ಒಡಪು ಹೇಳುವಾಗ ಗಂಟಲು ಸೀಳುವ ಹಾಗೆ ಗುಡುಗುತ್ತಾರಲ್ಲ, ಅದು ಸತ್ತ ಹೆಂಡತಿಗಾಗಿ ಗಂಡೊಬ್ಬ ಕೂಗಿದ ಕೂಗು. ನಿಕ್ ಹೋಮ್ಸನ ಗುಡುಗು ಕೇಳಿದಾಗ ನನಗೆ ನೆನಪಾದದ್ದು ಅದೇ. ಅಲ್ಲೂ ಪದ ಪೂರ್ತಿ ತಿಳಿಯುವುದಿಲ್ಲ. ತಿಳಿಯಲಿಲ್ಲವೆಂದು ನಾವೇನೂ ಎದ್ದು ಬರುವುದಿಲ್ಲ. ಗ್ರಾಮದೇವತೆಯ ಹಬ್ಬದಲ್ಲಿ ಸೋಮನ ಕುಣಿತ ಬಂದರೆ, ಆ ದೊಡ್ಡ ಕಣ್ಣಿನ ಮುಖವಾಡಕ್ಕೆ ಹೆದರಿ ಸೆರಗಿನ ಹಿಂದೆ ಅಡಗಿದ ಮಗುವನ್ನು ಎಳೆದು ತಂದು ಕೈ ಮುಗಿಸುತ್ತೇವೆ. ಭಯವನ್ನು ಮುಖಾಮುಖಿ ನೋಡು ಎಂದು ಕಲಿಸಿದ ಊರು, ಈಗ ಮಕ್ಕಳ ಕಿವಿಗೆ ಹತ್ತಿ ತುರುಕಲು ಹೊರಟಿದೆ.

ಕನ್ನಡವನ್ನೇ ಓದಿದವರಿಗೂ ಇದು ಹೊಸದಾಗಬಾರದು. 10ನೆಯ ಶತಮಾನದ ಕೊನೆಗೆ ರನ್ನ ಬರೆದ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ರಾಶಿಯನ್ನು ದಾಟಿಕೊಂಡು ನಡೆಯುತ್ತಾನೆ. ಮರುಳುಗಳು ಅವನನ್ನು ಅಣಕಿಸುತ್ತವೆ. ಗುರು, ತಮ್ಮ, ಮಗ, ಗೆಳೆಯ ಎಂದು ಒಬ್ಬೊಬ್ಬರ ಹೆಣದ ಮುಂದೆ ನಿಂತು ಗೋಳಾಡುತ್ತಾನೆ. ಕಾಲೇಜಿನಲ್ಲಿ ಅದನ್ನು ಪಾಠವಾಗಿ ಓದಿ ಅಂಕ ಪಡೆದವರೇ ಹ್ಯಾಲಿಫ್ಯಾಕ್ಸಿನ ಹುಡುಗರಿಗೆ ಸ್ಮಶಾನದವರು ಎನ್ನುತ್ತಾರೆ. ದುರ್ಯೋಧನನ ಕೈಗೆ ಗಿಟಾರು ಇರಲಿಲ್ಲ ಅಷ್ಟೆ.

ಎರಡನೆಯದು, ಶೋಕದ ಸಂಗೀತ ಮನಸ್ಸನ್ನು ಸಾವಿಗೆ ದೂಡುತ್ತದೆ ಎಂಬುದು. ಸಂಗೀತಕ್ಕೆ ಇಂಥ ಕಳಂಕ ಹಚ್ಚುವುದು ನಮ್ಮಲ್ಲಿ ಹಳೆಯ ಚಾಳಿ. ಕರ್ನಾಟಕ ಸಂಗೀತದಲ್ಲಿ ಆಹಿರಿ ಎಂಬ ರಾಗವಿದೆ. ಕರುಣೆ ಹಿಂಡಿ ತೆಗೆದಂಥ ರಾಗ. ಬೆಳಿಗ್ಗೆ ಅದನ್ನು ಹಾಡಿದವರಿಗೆ ಅವತ್ತು ಅನ್ನ ಸಿಗುವುದಿಲ್ಲ ಎಂದು ನಂಬಿಕೆ. ಇಂಥದೊಂದು ಗಾಳಿಮಾತು ಒಳ್ಳೆಯ ರಾಗಕ್ಕೆ ಎಷ್ಟು ಗಾಯಕರ ಬಾಯಿ ತಪ್ಪಿಸಿರಬೇಕು. ಅನ್ನ ತಪ್ಪಿಸುವುದು ರಾಗವಲ್ಲ ಎಂಬುದು ಅಡಿಗೆಮನೆಯಲ್ಲಿರುವ ನಮಗೆ ಚೆನ್ನಾಗಿ ಗೊತ್ತು.

ದುಃಖಕ್ಕೆ ಹೊತ್ತು ಬೇಕು, ಕತ್ತಲೂ ಬೇಕು. ಉಂಡೆ ಕೊಬ್ಬರಿ ಹೇಗಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಕರಟ ಬಿಟ್ಟು ಲೊಡಲೊಡ ಎನ್ನಬೇಕು. ಅವಸರಕ್ಕೆ ಒಡೆದರೆ ಕೊಬ್ಬರಿಯೂ ಇಲ್ಲ, ಕಾಯಿಯೂ ಇಲ್ಲ. ತಾಯಿ ಸತ್ತ ಹುಡುಗಿಗೆ ಮಾತ್ರ ಹನ್ನೊಂದನೆಯ ದಿನಕ್ಕೆ ಗಟ್ಟಿಯಾಗು ಎನ್ನುತ್ತೇವೆ. ಊಟ ನಿದ್ದೆ ಬಿಟ್ಟು ಯಾರೊಡನೆಯೂ ಮಾತಾಡದೆ ತಿಂಗಳುಗಟ್ಟಲೆ ಮುದುಡಿ ಕೂತವರನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಡು ಕೇಳಿ ಅಳುವವರಿಗೆ ಬಂದದ್ದು ರೋಗವಲ್ಲ. ನಮ್ಮ ಹುಡುಗಿ ಅಳಲು ಶುರುಮಾಡಿದ ಮೇಲೆಯೇ ತಟ್ಟೆಯಲ್ಲಿ ಎರಡನೆಯ ಮುದ್ದೆ ಮುರಿದದ್ದು. ಇದನ್ನು ಕಂಡವಳು ನಾನು, ಭಾಷಣಕಾರರಲ್ಲ.

ಮೂರನೆಯ ಆಪಾದನೆಯೇ ನನಗೆ ಹೆಚ್ಚು ಉರಿಯುವುದು. ಹೆಣ್ಣುಮಕ್ಕಳು ಇದರ ಹತ್ತಿರ ಸುಳಿಯಬಾರದಂತೆ. ಗಾಥಿಕ್ ಎಂಬ ಪದದ ಹಿಂದೆ ಹೋದರೆ ಸಿಗುವವರು ಯಾರು ಗೊತ್ತೆ? 18ನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಪಾಳು ಕೋಟೆ, ಕತ್ತಲೆ ಓಣಿ, ಬೀಗ ಹಾಕಿದ ಕೋಣೆಗಳ ಕಾದಂಬರಿಗಳಿಗೆ ಆ ಹೆಸರಿತ್ತು. ಅವನ್ನು ಬರೆದು ಮನೆಮಾತಾದವಳು ಆನ್ ರ್‍ಯಾಡ್‌ಕ್ಲಿಫ್, 1794ರಲ್ಲಿ ಬಂದ 'ಉಡಾಲ್ಫೊದ ರಹಸ್ಯಗಳು' ಅವಳದು. ಮುಗಿಬಿದ್ದು ಓದಿದವರಲ್ಲಿ ಬಹಳ ಮಂದಿ ನಮ್ಮ ನಿಮ್ಮಂಥ ಹೆಂಗಸರು. ಜೇನ್ ಆಸ್ಟೆನ್ ಅವರನ್ನು ಪ್ರೀತಿಯಿಂದಲೇ ಗೇಲಿ ಮಾಡಿ ಒಂದು ಕಾದಂಬರಿ ಬರೆದಳು. 1818ರಲ್ಲಿ 'ಫ್ರಾಂಕೆನ್‌ಸ್ಟೈನ್' ತಂದ ಮೇರಿ ಶೆಲ್ಲಿ ಅದನ್ನು ಬರೆಯತೊಡಗಿದಾಗ ಹದಿನೆಂಟರ ಹುಡುಗಿ, ಅದರ ಹಿಂದಿನ ವರ್ಷವಷ್ಟೇ ಹಸುಗೂಸನ್ನು ಕಳೆದುಕೊಂಡಿದ್ದಳು. ಬೀಗ ಹಾಕಿದ ಕೋಣೆಯೊಳಗೆ ಏನಿರುತ್ತದೆ ಎಂದು ಹೆಣ್ಣಿಗಲ್ಲದೆ ಯಾರಿಗೆ ತಿಳಿದೀತು?

ನಮ್ಮ ತ್ರಿವೇಣಿಯವರೂ ಅದೇ ಕೋಣೆಯ ಬಾಗಿಲು ತೆಗೆದವರು. 'ಶರಪಂಜರ' ಪುಟ್ಟಣ್ಣ ಕಣಗಾಲರ ಚಿತ್ರವಾಗಿ ಬಂದಾಗ ಹೆಂಗಸರು ಸೆರಗು ಒದ್ದೆ ಮಾಡಿಕೊಂಡು ಹೊರಬಂದರು. ಕಲ್ಪನಾ ಮಾಡಿದ ಕಾವೇರಿಯ ಪಾತ್ರಕ್ಕಾಗಿ ಅತ್ತೆವೆಂದು ಹೇಳಿಕೊಂಡರು. ನಿಜವಾಗಿ ಅತ್ತದ್ದು ಯಾರಿಗಾಗಿ ಎಂಬುದು ಒಬ್ಬೊಬ್ಬರಿಗೂ ಗೊತ್ತು. ಚಿತ್ರಮಂದಿರದ ಕತ್ತಲೆ ನಮಗೆ ಸಿಕ್ಕ ಒಂದು ರಿಯಾಯಿತಿ. ಆಮೇಲೆ ಟೀವಿ ನಡುಮನೆಗೆ ಬಂತು. ಲೈಟು ಉರಿಯುತ್ತಿರುತ್ತದೆ, ಮಾವನವರು ಪಕ್ಕದಲ್ಲಿರುತ್ತಾರೆ, ಅಳುವುದನ್ನೂ ಧಾರಾವಾಹಿಯವರೇ ನಮ್ಮ ಪರವಾಗಿ ಅಳುತ್ತಾರೆ. ಈ ಕಾಲದ ಹುಡುಗಿ ಕಿವಿಗೆ ಸಿಕ್ಕಿಸಿಕೊಳ್ಳುವ ಆ ಎರಡು ಗುಂಡಿಗಳು ಅವಳ ಪಾಲಿನ ಚಿತ್ರಮಂದಿರ.

ಹೆಣ್ಣು ಏನು ಕೇಳಬೇಕೆಂಬ ಕಾವಲು ಇಂದಿನದಲ್ಲ. ಹೊಯ್ಸಳರ ಕಾಲದ ಜನ್ನ 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ಅನರ್ಥವೆಲ್ಲ ಹೊರಡುವುದು ಕಿವಿಯಿಂದ. ರಾಣಿ ಅಮೃತಮತಿ ರಾತ್ರಿಯ ಕಡೆಯ ಜಾವದಲ್ಲಿ ಆನೆಯ ಲಾಯದ ಕಡೆಯಿಂದ ಬಂದ ಮಾವುತನ ಹಾಡು ಕೇಳುತ್ತಾಳೆ, ಮನಸ್ಸು ಕೊಟ್ಟುಬಿಡುತ್ತಾಳೆ. ಅವನು ಕುರೂಪಿ, ಅಷ್ಟಾವಂಕ. ದಾಸಿ ಬಂದು ಹೇಳಿದರೂ ಅವಳು ಹಿಂದೆಗೆಯುವುದಿಲ್ಲ. ಮುಂದೆ ಅವಳು ಗಂಡನಿಗೂ ಅತ್ತೆಗೂ ವಿಷ ಇಕ್ಕಿದಳು, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಎಂಟು ನೂರು ವರ್ಷಗಳಿಂದ ಆ ಕಥೆಯನ್ನು ನಮಗೆ ಹೇಳುತ್ತ ಬಂದವರು, ಕತ್ತಲಲ್ಲಿ ಬಂದ ದನಿಗೆ ಕಿವಿಗೊಟ್ಟ ಹೆಣ್ಣು ಕೆಟ್ಟಳು ಎಂಬ ನೀತಿಯನ್ನೇ ಎತ್ತಿ ಹಿಡಿದರು. ಅರಮನೆಯ ಹಾಸಿಗೆಯಲ್ಲಿ ಎಚ್ಚರವಾಗಿ ಮಲಗಿದ್ದಳಲ್ಲ, ಯಾಕೆ ನಿದ್ದೆ ಬಂದಿರಲಿಲ್ಲ ಎಂದು ಕೇಳಿದವರು ಕಡಿಮೆ.

ಹಾಗೆಂದು 'ಗಾಥಿಕ್' ಆಲ್ಬಮ್ಮಿಗೆ ಆರತಿ ಎತ್ತಲು ನಾನು ಬಂದಿಲ್ಲ. ಅದರ ಮೇಲೆ ನನಗೂ ದೂರಿದೆ. ಗುಡುಗುವುದೆಲ್ಲ ಗಂಡಿಗೆ, ಹೆಣ್ಣಿಗೆ ನಾಲ್ಕು ಸಾಲು ತಿಳಿದನಿ. ಸಾರಾ ಮ್ಯಾರಿಯನ್ ಅಲ್ಲಿ ಅತಿಥಿ, ತಂಡದವಳಲ್ಲ. ಸಾರಿಗೆ ಒಗ್ಗರಣೆ ಹಾಕಿದ ಹಾಗೆ ಅವಳ ದನಿಯನ್ನು ಮೇಲೆ ಚಿಮುಕಿಸಿದ್ದಾರೆ. ಆಮೇಲೆ ಬಂದ ತಂಡಗಳು ಇದನ್ನೇ ಸೂತ್ರ ಮಾಡಿಕೊಂಡವು: ಅವನು ಮೃಗ, ಇವಳು ಸುಂದರಿ. ನಾರ್ವೆಯ ಥಿಯೇಟರ್ ಆಫ್ ಟ್ರ್ಯಾಜಿಡಿ ತಂಡದ 1995ರ ಮೊದಲ ಆಲ್ಬಮ್ಮಿನಲ್ಲಿ ಲಿವ್ ಕ್ರಿಸ್ಟೀನಳಿಗೆ ಹೆಚ್ಚು ಪಾಲು ಸಿಕ್ಕಿತು, ಆದರೆ ಅವಳೂ ದೇವತೆಯಾಗಿಯೇ ಉಳಿಯಬೇಕಾಯಿತು. ಅದೇ ವರ್ಷ ಹಾಲೆಂಡಿನ ದಿ ಗ್ಯಾದರಿಂಗ್ ತಂಡದ 'ಮ್ಯಾಂಡಿಲಿಯನ್' ಬಂತು. ಅದರಲ್ಲಿ ಆನಿಕೆ ವಾನ್ ಗಿಯರ್ಸ್‌ಬರ್ಗೆನ್ ಯಾವ ಮೃಗದ ಆಸರೆಯೂ ಇಲ್ಲದೆ ತಾನೇ ಹಾಡಿದಳು. 2000ದಲ್ಲಿ ಸ್ವೀಡನ್ನಿನ ಆರ್ಚ್ ಎನಿಮಿ ತಂಡ ಸೇರಿದ ಜರ್ಮನಿಯ ಆಂಜೆಲಾ ಗೊಸ್ಸೋ ಸುಂದರಿಯ ಪಾತ್ರವನ್ನೇ ತಳ್ಳಿ, ತಾನೇ ಗುಡುಗಿದಳು. ಅವಳ ದನಿಯನ್ನು ಮೊದಲ ಸಲ ಕೇಳಿದಾಗ ನಾನು ಮನಸಾರೆ ನಕ್ಕೆ. ಹೆಣ್ಣಿನ ಎದೆಯಲ್ಲಿ ಇಷ್ಟು ದೊಡ್ಡ ದನಿಗೆ ಜಾಗವಿದೆಯೆಂದು ನಮಗೆ ಗೊತ್ತಿತ್ತು, ಬೇರೆಯವರಿಗೆ ಗೊತ್ತಾಗಬೇಕಿತ್ತು.

ನಮ್ಮ ಅಜ್ಜಿಯರಿಗೆ ಆ ದನಿ ಇತ್ತು. ಸಾವಿನ ಮನೆಯಲ್ಲಿ ಅವರು ಹಾಡಿಕೊಂಡು ಅಳುತ್ತಿದ್ದರು. ಸತ್ತವರ ಗುಣ, ಅವರು ಉಟ್ಟ ಸೀರೆ, ಉಣ್ಣದೆ ಹೋದ ಅನ್ನ, ಮಾಡಿದವರು ಮಾಡಿದ ಅನ್ಯಾಯ, ಎಲ್ಲವನ್ನೂ ರಾಗಕ್ಕೆ ಹಾಕಿ ಊರಿಗೆ ಕೇಳುವಂತೆ ಹೇಳುತ್ತಿದ್ದರು. ಎಷ್ಟೋ ಸೊಸೆಯರ ಕಷ್ಟ ಬೀದಿಗೆ ತಿಳಿದದ್ದು ಹಾಗೆ. ನಾವು ಪೇಟೆಗೆ ಬಂದೆವು, ಓದಿದೆವು, ಹಾಗೆ ಅಳುವುದು ಹಳ್ಳಿಗಾಡಿನ ನಡತೆ ಎಂದು ನಾಚಿಕೊಂಡೆವು. ಸಾವಿನ ತಮಟೆಯನ್ನಂತೂ ಒಂದು ಜಾತಿಯವರ ಕೊರಳಿಗೆ ಕಟ್ಟಿ, ಬಾರಿಸಿದವರನ್ನೂ ಹೊರಗೇ ನಿಲ್ಲಿಸಿದೆವು. ಮನೆಯೊಳಗೆ ಶುಭಧ್ವನಿ ಮಾತ್ರ ಉಳಿಯಲಿ ಎಂಬ ಈ ಮಡಿಯಲ್ಲಿ ಹೆಣ್ಣಿನ ಅಳುವೂ ಹೊರಗೆ ಬಿತ್ತು.

ಈ ಸಂಗೀತ ಬೆಂಗಳೂರಿಗೂ ಬಂದು ಬಹಳ ಕಾಲವಾಯಿತು. 1990ರ ದಶಕದಲ್ಲೇ ಡೈಯಿಂಗ್ ಎಂಬ್ರೇಸ್ ಎಂಬ ತಂಡ ಅಲ್ಲಿ ಇಂಥದೇ ನಿಧಾನದ, ಭಾರದ ಸಂಗೀತ ನುಡಿಸುತ್ತಿತ್ತು. 2012ರಲ್ಲಿ ಮೊದಲ ಆಲ್ಬಮ್ ತಂದ ಇನ್ನೊಂದು ತಂಡದ ಹೆಸರು ಬೆವರ್ ಸೀ. ಬೇಗ ಬೇಗ ಹೇಳಿ ನೋಡಿ, ನಮ್ಮೂರ ಬೈಗುಳ ಬಾಯಿಗೆ ಬರುತ್ತದೆ. ತಮಾಷೆ ಚೆನ್ನಾಗಿದೆ. ಆದರೆ ನನಗೆ ಬೇಕಾದದ್ದು ಇನ್ನೂ ಮುಂದಿದೆ. ಹಾಡಿಕೊಂಡು ಅಳುತ್ತಿದ್ದ ನಮ್ಮ ಅಜ್ಜಿಯ ರಾಗವನ್ನು ಯಾವಳಾದರೂ ಹುಡುಗಿ ಆ ಇಳಿಸಿದ ಶ್ರುತಿಯ ಗಿಟಾರಿನ ಮೇಲೆ ಕನ್ನಡದಲ್ಲೇ ಎತ್ತಿಕೊಳ್ಳಬೇಕು. ಅತಿಥಿಯಾಗಿ ನಾಲ್ಕು ಸಾಲು ಹಾಡಲು ಅಲ್ಲ, ಮನೆಯ ಯಜಮಾನಿಯಾಗಿ.

ಅಲ್ಲಿಯವರೆಗೆ ನಾನು ನಿಮ್ಮನ್ನು ಕೇಳಿಕೊಳ್ಳುವುದು ಸಣ್ಣದು. ಮನೆಯಲ್ಲಿ ಹುಡುಗಿಯೊಬ್ಬಳು ಕತ್ತಲ ಹಾಡು ಕೇಳುತ್ತ ಕೂತಿದ್ದರೆ ಅದನ್ನು ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕೂತು ಒಂದು ಕಿವಿಯದನ್ನು ಕೇಳಿ ಇಸಿದುಕೊಳ್ಳಿ. ಹಿಡಿಸದಿದ್ದರೆ ಹಿಡಿಸಲಿಲ್ಲವೆನ್ನಿ, ಅಶುಭ ಎನ್ನಬೇಡಿ. ಇನ್ನೊಂದು ಸಲ ಯಾರಾದರೂ ವೇದಿಕೆ ಹತ್ತಿ ಹೆಣ್ಣುಮಕ್ಕಳು ಇದನ್ನು ಕೇಳಬಾರದು ಎಂದರೆ, ಉಪ್ಪಿಟ್ಟು ಬರುವ ಮುಂಚೆ ಎದ್ದು ನಿಂತು ಒಂದು ಪ್ರಶ್ನೆ ಕೇಳಿ. ದೀಪ ಹಚ್ಚುವ ಹೊತ್ತಿನಲ್ಲಿ ಅಳು ಬಂದರೆ ಅಳಿ. ಲಕ್ಷ್ಮಿಯೂ ಹೆಣ್ಣೇ ತಾನೆ? ಅಳುವ ಹೆಂಗಸನ್ನು ಕಂಡು ಎದ್ದು ಹೋಗುವಷ್ಟು ಕಲ್ಲುಮನಸ್ಸಿನವಳು ಅವಳೆಂದು ಹೇಳಿದವರು ಯಾರು?